ಹಗ್ಗ ಎಳೆಯುವುದನ್ನು ನಿಲ್ಲಿಸಿ, ಮೊದಲು ಪ್ಲಗ್ ಬಿಚ್ಚಿ ನೋಡಿ

ಪ್ರಶ್ನೆ: ನಾವು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ದಂಡೆಯವರು. ಮೂರು ಜನ ಸೇರಿ ಮೀನು ಹಿಡಿಯುವ ದೋಣಿಗೆ ಅಂತ ಮಲ್ಪೆ ಕಡೆಯಿಂದ 8 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಬಿಗಿಯುವ) ಮೋಟಾರನ್ನು ಸೆಕೆಂಡ್ ಹ್ಯಾಂಡ್ ತಂದಿದ್ದೆವು. ಎರಡು ತಿಂಗಳು ಚೆನ್ನಾಗಿಯೇ ಓಡಿತು. ಮಳೆ ಹಿಡಿದ ಮೇಲೆ ನಾಲ್ಕು ತಿಂಗಳು ಶೆಡ್ಡಿನಲ್ಲಿ ಇಟ್ಟಿದ್ದೆವು. ಈಗ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಮೊದಲ ದಿನ ಚೋಕ್ ಎಳೆದಾಗ ಒಂದೆರಡು ಸಲ ಡುಗುಡುಗು ಅಂದು ನಿಂತಿತು, ಅಷ್ಟೇ. ಊರಿನ ಬೈಕ್ ಮೆಕ್ಯಾನಿಕ್ ಕಾಯಿಲ್ ಹೋಗಿದೆ, ಹೊಸದು ತರಿಸಿ ಅಂತಾರೆ. ಕಾಯಿಲಿಗೆ ದುಡ್ಡು ಹಾಕಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಕಾಯಿಲ್ ಅಂದರೆ ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಕೊಡುವ ಭಾಗ, ಅದರ ದುಡ್ಡು ಜೇಬಿನಲ್ಲೇ ಇರಲಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ‘ಚೋಕ್ ಎಳೆದಾಗ ಒಂದೆರಡು ಸಲ ಡುಗುಡುಗು ಅಂದು ನಿಂತಿತು’ ಎಂಬ ಮಾತು ಇದೆಯಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಕಿಡಿ ಇಲ್ಲದೆ ಮೋಟಾರು ಒಂದು ಸಲವೂ ಡುಗ್ ಅನ್ನುವುದಿಲ್ಲ. ತಣ್ಣಗಿದ್ದ ಮೋಟಾರು ಚೋಕಿನಲ್ಲಿ ಎರಡು ಸುತ್ತು ತಿರುಗಿ ಆರಿತು ಎಂದರೆ, ಆ ಹೊತ್ತಿಗೆ ಕಿಡಿಯೂ ಇತ್ತು, ಕಂಪ್ರೆಷನ್ನೂ (ಸಿಲಿಂಡರಿನೊಳಗಿನ ಒತ್ತಡ) ಇತ್ತು, ಪೆಟ್ರೋಲ್ ಮಾತ್ರ ಸಾಲಲಿಲ್ಲ. ಚೋಕ್ ಮಾಡುವ ಕೆಲಸವೇ ಗಾಳಿ ಕಟ್ಟಿ ಹೆಚ್ಚು ಪೆಟ್ರೋಲ್ ಎಳೆಸುವುದು. ಚೋಕಿನಲ್ಲಿ ಮಾತ್ರ ಹೊತ್ತಿಕೊಳ್ಳುವ ಮೋಟಾರಿಗೆ ಸರಿಯಾದ ದಾರಿಯಲ್ಲಿ ಪೆಟ್ರೋಲ್ ಬರುತ್ತಿಲ್ಲ ಎಂದೇ ಲೆಕ್ಕ. ನಾಲ್ಕು ತಿಂಗಳು ಸುಮ್ಮನೆ ಕೂತಿದ್ದ ಟೂ ಸ್ಟ್ರೋಕಿನಲ್ಲಿ ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಆದರೂ ಊಹೆಯ ಮೇಲೆ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬಿಚ್ಚಬೇಡಿ. ಪುಕ್ಕಟೆ ನೋಡಬಹುದಾದ ನಾಲ್ಕು ಸಂಗತಿ ಇವೆ, ಅವನ್ನು ಮೊದಲು ಮುಗಿಸಿಕೊಳ್ಳಿ.

ಮೋಟಾರು ನಿಲ್ಲಿಸುವ ಕಿಲ್ ಸ್ವಿಚ್ಚಿನ ಕೆಂಪು ಸುರುಳಿ ದಾರ, ಅದರ ತುದಿಯ ಕ್ಲಿಪ್ ಜಾಗದಲ್ಲಿದೆಯಾ? ಆ ಕ್ಲಿಪ್ ಇಲ್ಲದಿದ್ದರೆ ಮೋಟಾರು ಕಿಡಿಯನ್ನೇ ಕೊಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಮೋಟಾರುಗಳಲ್ಲಿ ಕ್ಲಿಪ್ ಕಳೆದುಹೋಗಿ ತಂತಿಯೋ ಪ್ಲಾಸ್ಟಿಕ್ ಚೂರೋ ಸಿಕ್ಕಿಸಿರುತ್ತಾರೆ, ಶೆಡ್ಡಿಗೆ ಎತ್ತಿಡುವಾಗ ಅದು ಉದುರಿರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ನೋಡಿ. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಸ್ವಲ್ಪ ಹೊತ್ತು ಓಡಿ ಕೆರೆಯ ನಡುವೆ ನಿಂತುಬಿಡುವ ಮೋಟಾರುಗಳಲ್ಲಿ ಈ ಒಂದು ಸ್ಕ್ರೂ ಮಾಡಿದ ಕೆಲಸ ಎಷ್ಟೋ.

ನಾಲ್ಕನೆಯದು ಪೈಪಿನ ನಡುವಿನ ರಬ್ಬರ್ ಬಲ್ಬ್. ಅದರ ಮೇಲಿನ ಬಾಣ ಮೋಟಾರಿನ ಕಡೆಗೆ ಇರಬೇಕು. ಬಾಣದ ತುದಿ ಮೇಲಾಗುವಂತೆ ಹಿಡಿದು ಅಮುಕಿ. ಏಳೆಂಟು ಸಲ ಅಮುಕುವಷ್ಟರಲ್ಲಿ ಬಲಿಯದ ಮಾವಿನಕಾಯಿಯ ಹಾಗೆ ಗಟ್ಟಿಯಾಗಬೇಕು. ಎಷ್ಟು ಅಮುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹೆಚ್ಚಾಗಿ ಮೋಟಾರಿಗೆ ಸಿಕ್ಕಿಸುವ ಕನೆಕ್ಟರಿನ ಒಳಗಿನ ಓ ರಿಂಗ್ ಸವೆದಿರುತ್ತದೆ. ಅಮುಕಿದ ಬಲ್ಬ್ ಚಪ್ಪಟೆಯಾಗಿಯೇ ಉಳಿದರೆ ಟ್ಯಾಂಕಿನ ಕಡೆ ಕಟ್ಟಿದೆ: ಗಾಳಿ ಸ್ಕ್ರೂ, ಇಲ್ಲವೇ ಒಳಗಿನ ಜಾಲರಿ. ಅಮುಕುತ್ತಾ ಹೋದಂತೆ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಸೋರಿದರೆ, ಅದರ ಬಟ್ಟಲು ತುಂಬಿದ ಮೇಲೆ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಕೂರುತ್ತಿಲ್ಲ.

ಇಷ್ಟೂ ಸರಿ ಇದ್ದರೆ ಈಗ ಪ್ಲಗ್ ಪಾನಾ ತಗೊಳ್ಳಿ.

ಮೂವತ್ತು ವರ್ಷ ದಾವಣಗೆರೆಯಲ್ಲಿ ಪಂಪ್‌ಸೆಟ್ ಎಂಜಿನ್, ಸ್ಪ್ರೇಯರ್, ದೋಣಿ ಮೋಟಾರು ಬಿಚ್ಚಿದವನಾಗಿ ಹೇಳುತ್ತೇನೆ, ಮೋಟಾರಿನ ಒಳಗೆ ಏನಾಗುತ್ತಿದೆ ಎಂದು ಪ್ಲಗ್‌ನಷ್ಟು ನಿಜ ಹೇಳುವ ವಸ್ತು ಇನ್ನೊಂದಿಲ್ಲ. ಚೋಕ್ ಹಾಕಿ ಆರೇಳು ಸಲ ಹಗ್ಗ ಎಳೆಯಿರಿ, ಕೂಡಲೇ ಪ್ಲಗ್ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ಬಿಸಿಲಿನಲ್ಲಿ ನೋಡಿ. ಎರಡು ಸಿಲಿಂಡರ್ ಇದ್ದರೆ ಎರಡನ್ನೂ ಬಿಚ್ಚಿ, ಯಾವುದು ಮೇಲಿನದು ಯಾವುದು ಕೆಳಗಿನದು ಗುರುತಿಟ್ಟುಕೊಳ್ಳಿ.

ಒಣಗಿದೆಯಾ? ಇಷ್ಟು ಎಳೆದ ಮೇಲೂ ತುದಿ ಒಣಗಿದ್ದರೆ ಸಿಲಿಂಡರಿಗೆ ಪೆಟ್ರೋಲ್ ತಲುಪುತ್ತಿಲ್ಲ. ನಿಮ್ಮದು ಹೀಗೇ ಇರಬೇಕು ಎಂದು ನನ್ನ ಅಂದಾಜು.

ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದೆಯಾ? ಹಾಗಾದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಂಡಿಲ್ಲ. ಎಳೆದು ಎಳೆದು ಓವರ್‌ಫ್ಲೋ ಆಗಿರಬಹುದು, ಇಲ್ಲವೇ ಈಗ ನಿಜಕ್ಕೂ ಕಿಡಿ ಇಲ್ಲ. ತುದಿಯ ಮೇಲೆ ಸಾಸಿವೆಯಂಥ ನೀರಿನ ಹನಿ ಕೂತಿದ್ದರೆ ಪೆಟ್ರೋಲಿನಲ್ಲಿ ನೀರಿದೆ. ಜಿಡ್ಡುಜಿಡ್ಡಾಗಿ ಒದ್ದೆಯಾಗಿದ್ದು ಸೀಮೆಎಣ್ಣೆ ವಾಸನೆ ಬಂದರೆ ಅದರ ಕಥೆಯೇ ಬೇರೆ, ಮುಂದೆ ಬರೆದಿದ್ದೇನೆ.

ಮೊದಲು ಓವರ್‌ಫ್ಲೋ ವಿಷಯ, ಯಾಕೆಂದರೆ ಇಷ್ಟು ದಿನ ಎಳೆದಿದ್ದೀರಿ. ಪೈಪ್ ಕಳಚಿ, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತೆರೆಯಿರಿ. ಪ್ಲಗ್ ಹೊರಗಿಟ್ಟು ಎಂಟು ಹತ್ತು ಸಲ ಹಗ್ಗ ಎಳೆದರೆ ಒಳಗಿನ ಪೆಟ್ರೋಲ್ ಹಬೆಯಾಗಿ ಹೊರಗೆ ಹೋಗುತ್ತದೆ. ಆದರೆ ಅದಕ್ಕೂ ಮೊದಲು ಕಿಲ್ ಕ್ಲಿಪ್ ತೆಗೆದಿಡಿ, ಪ್ಲಗ್ ವೈರನ್ನು ರಂಧ್ರದಿಂದ ದೂರ ಎಂಜಿನ್ನಿನ ಲೋಹಕ್ಕೆ ತಾಗಿಸಿ ಭದ್ರವಾಗಿ ಕಟ್ಟಿ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನಾನು ಕೆಲಸ ಕಲಿಯುವ ಕಾಲದಲ್ಲಿ ನನ್ನ ಜೊತೆಯ ಹುಡುಗನೊಬ್ಬ ಓವರ್‌ಫ್ಲೋ ಆದ ಎಂಜಿನ್ನಿನ ಪ್ಲಗ್ ರಂಧ್ರದ ಪಕ್ಕದಲ್ಲೇ ಕಿಡಿ ನೋಡಲು ಹೋದ. ಭುಗ್ಗೆಂದು ಬೆಂಕಿ ಹತ್ತಿ ಅವನ ರೆಪ್ಪೆ, ಹುಬ್ಬು, ಮುಂಗೂದಲು ಎಲ್ಲ ಸುಟ್ಟವು. ಕಣ್ಣು ಉಳಿದದ್ದು ಪುಣ್ಯ. ವೈರನ್ನು ಗಾಳಿಯಲ್ಲಿ ನೇತುಬಿಟ್ಟು ಎಳೆದರೆ ಇನ್ನೊಂದು ನಷ್ಟವೂ ಇದೆ. ಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲನ್ನೇ ಸುಡಬಹುದು. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗಿಬಿಡುತ್ತದೆ.

ಹಬೆ ಪೂರ್ತಿ ಆರಿದ ಮೇಲೆ ಕಿಡಿ ನೋಡಿ. ಕಿಲ್ ಕ್ಲಿಪ್ ಮತ್ತೆ ಸಿಕ್ಕಿಸಿ. ಒಣಗಿಸಿದ ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಚೂಡಿಯ (ಥ್ರೆಡ್ಡಿನ) ಭಾಗ ಬಣ್ಣವಿಲ್ಲದ ಲೋಹಕ್ಕೆ ತಾಗುವಂತೆ, ಪ್ಲಗ್ ರಂಧ್ರದಿಂದ ದೂರದಲ್ಲಿ, ಒಣ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿಯಿರಿ. ನೆರಳಿನಲ್ಲಿ ನಿಂತು ಎಳೆದರೆ ಚಟ್ ಚಟ್ ಎಂದು ನೀಲಿ ಕಿಡಿ ಹಾರಬೇಕು. ಹಳದಿಯಾಗಿ ನೂಲಿನಂತೆ ಬಂದರೆ ಪ್ಲಗ್ ಬದಲಿಸಿ ನೋಡಿ. ಒಂದು ಎಚ್ಚರಿಕೆ: ಚೂಡಿ ಕೂರುತ್ತದೆ ಅಂತ ಬೈಕಿನ ಪ್ಲಗ್ ಹಾಕಬೇಡಿ. ಚೂಡಿಯ ಉದ್ದ ಹೆಚ್ಚಿದ್ದರೆ ತುದಿ ಪಿಸ್ಟನ್ನಿಗೆ ಬಡಿಯುತ್ತದೆ. ಶಾಖದ ನಂಬರ್ ತಪ್ಪಿದರೆ ಪಿಸ್ಟನ್ ಕರಗಿದ್ದೂ ಇದೆ. ಹಳೆಯ ಪ್ಲಗ್ ಮೇಲಿನ ನಂಬರನ್ನೂ ಕಣ್ಣುಮುಚ್ಚಿ ನಂಬಬೇಡಿ, ಹಿಂದಿನವರು ಏನು ಹಾಕಿದ್ದರೋ. ಮೋಟಾರಿನ ಮಾದರಿ ಹೇಳಿ ಅದರದ್ದೇ ನಂಬರ್ ಕೇಳಿ.

ಕಿಡಿ ಸ್ವಲ್ಪವೂ ಇಲ್ಲದಿದ್ದರೂ ಕಾಯಿಲಿಗೆ ಹೋಗುವ ಮೊದಲು ಎರಡು ನೋಡಿ. ಕಿಲ್ ಸ್ವಿಚ್ಚಿನಿಂದ ಬರುವ ವೈರುಗಳ ಜೋಡಣೆಯನ್ನು ತಾತ್ಕಾಲಿಕವಾಗಿ ಬಿಡಿಸಿ ಮತ್ತೆ ಎಳೆಯಿರಿ. ಕಿಡಿ ಬಂದರೆ ಕಾಯಿಲ್ ಚೆನ್ನಾಗಿದೆ, ಸ್ವಿಚ್ ಒಳಗೆ ತುಕ್ಕು ಹಿಡಿದು ಶಾರ್ಟ್ ಆಗಿದೆ. ಸ್ವಿಚ್ ಬದಲಿಸಿ ವೈರನ್ನು ಮತ್ತೆ ಜೋಡಿಸಲೇಬೇಕು. ನಿಲ್ಲಿಸಲು ಬಾರದ ಮೋಟಾರನ್ನು ನೀರಿಗೆ ಇಳಿಸುವ ಹಾಗಿಲ್ಲ. ಎರಡನೆಯದು ಅರ್ಥ್ ವೈರಿನ ಬೋಲ್ಟು. ನಿಮ್ಮದು ಸಮುದ್ರದಲ್ಲಿ ದುಡಿದ ಮೋಟಾರು. ಉಪ್ಪು ನೀರಿನಲ್ಲಿದ್ದ ಮೋಟಾರಿನ ಬೋಲ್ಟುಗಳ ಕೆಳಗೆ ಬಿಳಿ ಬೂದಿಯಂಥ ಕಿಲುಬು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಿರಿ. ಇದಕ್ಕೂ ಬಗ್ಗದಿದ್ದರೆ ಮಾತ್ರ ಕಾಯಿಲ್, ಸಿಡಿಐ (ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಪರೀಕ್ಷೆ. ಅದನ್ನು ಮಲ್ಟಿಮೀಟರ್ ಹಿಡಿದು, ಆ ಮಾದರಿಗೆ ಕಂಪನಿ ಕೊಟ್ಟ ಓಮ್ ಲೆಕ್ಕಕ್ಕೆ ಹೋಲಿಸಿ ನೋಡುವವರು ಮಾಡಬೇಕು.

ಈಗ ಪೆಟ್ರೋಲ್ ಕಡೆ ಬರೋಣ. ನಿಮ್ಮ ರೋಗ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತಿರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಟ್ಯಾಂಕಿನ ತಳದಿಂದ ಒಂದು ಲೋಟದಷ್ಟನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ಈಗ ಬಂಕ್‌ಗಳಲ್ಲಿ ಬರುವ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇರುತ್ತದೆ. ಎಥನಾಲಿಗೆ ನೀರು ಎಂದರೆ ಪ್ರೀತಿ, ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅರ್ಧ ತುಂಬಿದ ಟ್ಯಾಂಕಿನಲ್ಲಿ, ಅದೂ ಗಾಳಿ ಸ್ಕ್ರೂ ತೆರೆದಿದ್ದರೆ, ಹೀರುತ್ತಲೇ ಇರುತ್ತದೆ. ನೀರು ಒಂದು ಮಿತಿ ದಾಟಿದ ಮೇಲೆ ಎಥನಾಲ್ ಮತ್ತು ನೀರು ಎರಡೂ ಕೈಹಿಡಿದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಬಾಟಲಿಯಲ್ಲಿ ಅಡ್ಡಗೆರೆ ಎಳೆದ ಹಾಗೆ ಎರಡು ಪದರ ಕಾಣುತ್ತದೆ. ಪೆಟ್ರೋಲಿಗೆ ಬೆರೆಸಿದ ಟೂ ಸ್ಟ್ರೋಕ್ ಆಯಿಲ್, ಅಂದರೆ ಟೂಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನ ಜೊತೆಗೇ ಉಳಿಯುತ್ತದೆ. ಟ್ಯಾಂಕಿನ ಪೈಪು ಎಳೆಯುವುದು ತಳದಿಂದ. ಅಂದರೆ ನಿಮ್ಮ ಮೋಟಾರಿಗೆ ಮೊದಲು ಹೋಗುವುದು ಆಯಿಲ್ ಇಲ್ಲದ ಎಥನಾಲ್ ನೀರು. ಸ್ಟಾರ್ಟ್ ಆಗದಿದ್ದರೇ ಒಳ್ಳೆಯದು. ಆ ನೀರಿನಲ್ಲಿ ಹೇಗೋ ಸ್ಟಾರ್ಟ್ ಆಗಿ ಓಡಿದರೆ ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ.

ಎರಡು ಪದರ ಕಂಡರೆ ಆ ಪೆಟ್ರೋಲನ್ನು ಅಲ್ಲಾಡಿಸಿ ಮತ್ತೆ ಬೆರೆಸಲು ನೋಡಬೇಡಿ. ಪೂರ್ತಿ ತೆಗೆದುಬಿಡಿ. ಕೆರೆಗೆ ಮಾತ್ರ ಚೆಲ್ಲಬೇಡಿ, ಚಿತ್ರದುರ್ಗದವರಿಗೆ ಕುಡಿಯುವ ನೀರು ನಿಮ್ಮ ಕೆರೆಯಿಂದಲೂ ಹೋಗುತ್ತದೆ. ಕ್ಯಾನಿನಲ್ಲಿ ತುಂಬಿ ವರ್ಕ್‌ಶಾಪಿನವರಿಗೆ ಕೊಡಿ. ಹೊಸದಾಗಿ ಐದು ಲೀಟರ್ ತಂದು ಅಳತೆ ಹಿಡಿದು ಆಯಿಲ್ ಬೆರೆಸಿ. ಪೆಟ್ರೋಲಿನ ಟೂ ಸ್ಟ್ರೋಕ್ ಔಟ್‌ಬೋರ್ಡುಗಳಲ್ಲಿ ಹೆಚ್ಚಿನವಕ್ಕೆ 50ಕ್ಕೆ 1ರ ಲೆಕ್ಕ, ಲೀಟರಿಗೆ 20 ಎಂಎಲ್, ಐದು ಲೀಟರಿಗೆ 100 ಎಂಎಲ್. ನಿಮ್ಮ ಮಾದರಿಗೆ ಬೇರೆ ಲೆಕ್ಕ ಇದ್ದರೆ ಅದೇ ಸರಿ. ‘ಇರಲಿ ಬಿಡು’ ಅಂತ ಕೈಬಾಯಿ ಲೆಕ್ಕದಲ್ಲಿ ಹೆಚ್ಚು ಸುರಿದರೆ ಪ್ಲಗ್ ಕಪ್ಪಾಗಿ ಕಟ್ಟುತ್ತದೆ, ಕಡಿಮೆಯಾದರೆ ಎಂಜಿನ್ನೇ ಹೋಗುತ್ತದೆ.

ಟ್ಯಾಂಕಿನ ಪೆಟ್ರೋಲ್ ಬದಲಿಸಿದ ಮಾತ್ರಕ್ಕೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಇರುವುದು ಹೋಗುವುದಿಲ್ಲ. ಬಟ್ಟಲಿನ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇದೆ. ಕೆಳಗೆ ಬಿಳಿ ಪಿಂಗಾಣಿ ಬಟ್ಟಲು ಹಿಡಿದು ಬಿಚ್ಚಿ. ಬಂದದ್ದನ್ನು ನಿಧಾನವಾಗಿ ಓರೆ ಮಾಡಿ ನೋಡಿ: ನೀರಿದ್ದರೆ ಗುಂಡಾಗಿ ಉರುಳಾಡುತ್ತದೆ, ಕಸ ಇದ್ದರೆ ಅಂಚಿಗೆ ಕೂರುತ್ತದೆ, ಹಳೆಯ ಪೆಟ್ರೋಲ್ ಆಗಿದ್ದರೆ ಕಷಾಯದ ಬಣ್ಣ, ವಾರ್ನಿಷ್ ವಾಸನೆ. ಏನೂ ಬರದಿದ್ದರೆ ಬಟ್ಟಲಿಗೆ ಪೆಟ್ರೋಲೇ ಇಳಿಯುತ್ತಿಲ್ಲ. ಬಲ್ಬ್ ಅಮುಕಿ ಆಗ ಬರುತ್ತದಾ ನೋಡಿ. ಬಲ್ಬ್ ಅಮುಕಿದರೆ ಬಂದು, ಓಡುವಾಗ ಮಾತ್ರ ಸಾಲದಿದ್ದರೆ ಮೋಟಾರಿನ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಗಟ್ಟಿಯಾಗಿದೆ ಎಂದರ್ಥ. ಹಳೆಯ ಮೋಟಾರುಗಳ ರಬ್ಬರಿಗೆ ಎಥನಾಲ್ ಒಗ್ಗುವುದಿಲ್ಲ. ಪಂಪಿನ ಕಿಟ್ ಬದಲಿಸುವುದು ಕಾಯಿಲಿಗಿಂತ ಎಷ್ಟೋ ಅಗ್ಗ.

ನಿಮ್ಮ ಕಡೆ ಅಡಿಕೆ ತೋಟವಿರುವವರಿಗೆ ಈ ವಾರ್ನಿಷ್ ಹೊಸದಲ್ಲ. ಕಳೆ ಕೊಚ್ಚುವ ಮಷೀನನ್ನು ಪೆಟ್ರೋಲ್ ಸಮೇತ ಗೋಡೆಗೆ ನೇತುಹಾಕಿ, ಮುಂದಿನ ಹಂಗಾಮಿಗೆ ಇಳಿಸಿದಾಗ ಚೋಕಿನಲ್ಲಿ ಗುರ್ ಅಂದು, ಚೋಕ್ ತಳ್ಳಿದ ಕೂಡಲೇ ನಿಲ್ಲುತ್ತದಲ್ಲ, ಅದೇ ಇದು. ಪೆಟ್ರೋಲ್ ಆರಿ ಆಯಿಲಿನ ಅಂಟು ಪೈಲಟ್ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಹಿತ್ತಾಳೆ ಸ್ಕ್ರೂ) ಕೂತಿದೆ. ಬಟ್ಟಲು ಬಿಚ್ಚಿ ಮೇನ್ ಜೆಟ್, ಪೈಲಟ್ ಜೆಟ್ ಎರಡನ್ನೂ ತೆಗೆದು ಆಕಾಶದ ಬೆಳಕಿಗೆ ಹಿಡಿಯಿರಿ. ದುಂಡನೆಯ ಬೆಳಕಿನ ಚುಕ್ಕಿ ಕಾಣಬೇಕು. ಅರ್ಧಚಂದ್ರದಂತೆ ಕಂಡರೂ ಕಟ್ಟಿದೆ ಎಂದೇ ಲೆಕ್ಕ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಹಾಕಿ, ಆಮೇಲೆ ಗಾಳಿ ಹೊಡೆಸಿ. ಸೂಜಿ, ಸೈಕಲ್ ಕಡ್ಡಿಯ ಚೂರು, ಬ್ಲೇಡಿನ ಮೊನೆ ಯಾವುದನ್ನೂ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ಉಕ್ಕು ತಾಗಿದರೆ ರಂಧ್ರ ಅಗಲವಾಗಿ ಪೆಟ್ರೋಲ್ ಲೆಕ್ಕವೇ ತಪ್ಪುತ್ತದೆ. ನಿಮ್ಮ ಹತ್ತಿರ ಒಳ್ಳೆಯ ಸಾಧನ ಆಗಲೇ ಇದೆ: ಗಾಳದ ಸಣ್ಣ ನೈಲಾನ್ ದಾರ. ಅದನ್ನು ತೂರಿಸಿ ಹಿಂದೆ ಮುಂದೆ ಎಳೆದರೆ ಅಂಟು ಬಿಡುತ್ತದೆ, ಹಿತ್ತಾಳೆಗೆ ಗೀರೂ ಬೀಳುವುದಿಲ್ಲ.

ಇನ್ನು ಸೀಮೆಎಣ್ಣೆ ವಿಷಯ. ಕರಾವಳಿಯ ನಾಡದೋಣಿಗಳಲ್ಲಿ ಓಡುವ ಔಟ್‌ಬೋರ್ಡುಗಳಲ್ಲಿ ಬಹಳಷ್ಟು ಸೀಮೆಎಣ್ಣೆ ಮಾದರಿಯವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಮ್ಮ ಭದ್ರಾ ಕಾಲುವೆ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸೀಮೆಎಣ್ಣೆ ಪಂಪ್‌ಸೆಟ್ಟಿನ ರೂಢಿಯೂ ಹೀಗೇ. ನಿಮ್ಮ ಮೋಟಾರು ಈ ಜಾತಿಯದಾ ಎಂದು ಮಾರಿದವರನ್ನು ಕೇಳಿ, ಕ್ಲ್ಯಾಂಪಿನ ಹತ್ತಿರದ ತಗಡಿನ ಮೇಲಿರುವ ಮಾದರಿ ನಂಬರ್ ಓದಿ. ಆ ಜಾತಿಯದ್ದಾಗಿದ್ದು, ಕೊನೆಯ ದಿನ ಸೀಮೆಎಣ್ಣೆಯಲ್ಲೇ ನಿಲ್ಲಿಸಿ ಶೆಡ್ಡಿಗೆ ಇಟ್ಟಿದ್ದರೆ ಬಟ್ಟಲಿನ ತುಂಬ ಸೀಮೆಎಣ್ಣೆ ಇರುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಅದು ಆವಿಯಾಗುವುದಿಲ್ಲ, ಕಿಡಿ ಎಷ್ಟು ಚೆನ್ನಾಗಿದ್ದರೂ ಹೊತ್ತುವುದಿಲ್ಲ, ಪ್ಲಗ್ ಜಿಡ್ಡಾಗಿ ನೆನೆಯುತ್ತದೆ. ಬಟ್ಟಲು ಖಾಲಿ ಮಾಡಿ, ಪ್ಲಗ್ ಒಣಗಿಸಿ, ಹೊಸ ಪೆಟ್ರೋಲ್ ಮಿಶ್ರಣ ತುಂಬಿದರೆ ಎರಡು ಮೂರು ಎಳೆತಕ್ಕೇ ಹೊತ್ತಿಕೊಂಡದ್ದನ್ನು ನೋಡಿದ್ದೇನೆ. ಮುಂದೆ ದಡ ಇನ್ನೂ ನಾಲ್ಕೈದು ನಿಮಿಷದ ದಾರಿ ಇರುವಾಗಲೇ ಪೆಟ್ರೋಲಿಗೆ ತಿರುಗಿಸಿಕೊಂಡು ಬನ್ನಿ.

ಕಂಪ್ರೆಷನ್ ಬಗ್ಗೆ ಎರಡು ಮಾತು ಸಾಕು. ಹಗ್ಗ ಎಳೆಯುವಾಗ ಕೈಗೆ ತಡೆ ಸಿಗುತ್ತಿದ್ದರೆ, ಅದೂ ಒಂದೇ ಅಂತರದಲ್ಲಿ ಸಿಗುತ್ತಿದ್ದರೆ, ಸದ್ಯಕ್ಕೆ ಚಿಂತೆ ಬೇಡ. ಬಾವಿಯ ಹಗ್ಗದಂತೆ ಸಲೀಸಾಗಿ ಬಂದರೆ ಗೇಜ್ ಹಾಕಿಸಿ. ಎರಡು ಸಿಲಿಂಡರುಗಳ ನಡುವೆ ಹತ್ತು ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸೀಮೆಎಣ್ಣೆಯಲ್ಲಿ ದುಡಿದ ಮೋಟಾರಿನಲ್ಲಿ ಮಸಿ ಕಟ್ಟಿ ರಿಂಗ್ ಜಾಮ್ ಆಗಿರುವುದು ಸಾಮಾನ್ಯ. ಹಗ್ಗ ಬರುವುದೇ ಇಲ್ಲ ಎಂದರೆ ಪ್ಲಗ್ ರಂಧ್ರದಲ್ಲಿ ಎರಡು ಚಮಚ ಟೂಟಿ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಜೋರು ಮಾಡಬೇಡಿ.

ನೀವು ಕೇಳಿಲ್ಲ, ಆದರೂ ಒಂದು. ಮೋಟಾರು ಓಡುತ್ತಿದ್ದಾಗ ನೀರಿನಡಿಯ ಫ್ಯಾನು (ಪ್ರೊಪೆಲ್ಲರ್) ಮರದ ಕೊರಡಿಗೆ ಬಡಿದು ಥಟ್ಟನೆ ನಿಂತು, ಆಮೇಲಿಂದ ಸ್ಟಾರ್ಟ್ ಆಗದಿದ್ದರೆ ಅಥವಾ ಹಗ್ಗ ಕೈಗೆ ವಾಪಸ್ ಹೊಡೆಯುತ್ತಿದ್ದರೆ ಫ್ಲೈವ್ಹೀಲ್ (ಹಗ್ಗ ಎಳೆದಾಗ ತಿರುಗುವ ಭಾರದ ಚಕ್ರ) ಕೆಳಗಿನ, ಅದನ್ನು ಜಾಗದಲ್ಲಿ ಹಿಡಿಯುವ ಕೀ ತುಂಡಾಗಿರಬಹುದು. ಆಗ ಕಿಡಿ ಬರುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರದಂಥ ಕಡೆ ದೋಣಿ ಬಿಡುವವರು ಇದನ್ನು ನೆನಪಿಡಬೇಕು. 1933ರ ನಂತರ ಅದು ಮತ್ತೆ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ವರ್ಷಗಟ್ಟಲೆ ಒಣಗಿದ್ದ ನೆಲ ಮುಳುಗಿದ ಕಡೆಯಲ್ಲೆಲ್ಲ ನೀರಿನಡಿ ಜಾಲಿಯ ಬೊಡ್ಡೆ ಇದ್ದೇ ಇರುತ್ತದೆ ಎಂದುಕೊಂಡೇ ಓಡಿಸಬೇಕು. ನಿಮ್ಮ ಕೆರೆಯಲ್ಲಿ ಬೊಡ್ಡೆಯ ಬದಲು ಹಳೆಯ ಬಲೆಯ ಚೂರುಗಳ ಕಾಟ. ಫ್ಯಾನಿನ ಹಿಂದೆ ಶಾಫ್ಟಿಗೆ ನೈಲಾನ್ ಎಳೆ ಸುತ್ತಿಕೊಂಡು ಆಯಿಲ್ ಸೀಲನ್ನೇ ಕೊಯ್ದುಬಿಡುತ್ತದೆ. ಈಗ ಹೇಗೂ ಮೋಟಾರು ದಡದಲ್ಲಿದೆ, ಫ್ಯಾನು ಬಿಚ್ಚಿ ಒಮ್ಮೆ ನೋಡಿ. ಗೇರ್ ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ.

ಪರೀಕ್ಷೆಗೆಂದು ಮೋಟಾರನ್ನು ನೀರಿಲ್ಲದೆ ಸ್ಟಾರ್ಟ್ ಮಾಡಬೇಡಿ. ಕೆಳಗಿನ ನೀರಿನ ಪಂಪಿನಲ್ಲಿ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್ ಇದೆ, ಅದು ನೀರಿಲ್ಲದೆ ಅರ್ಧ ನಿಮಿಷ ತಿರುಗಿದರೂ ಸುಟ್ಟು ಹರಿಯಬಹುದು. 200 ಲೀಟರಿನ ಡ್ರಮ್ಮಿಗೆ ನೀರು ತುಂಬಿ, ಫ್ಯಾನು ಬಿಚ್ಚಿಟ್ಟು, ನೀರು ಎಳೆಯುವ ಜಾಲರಿಗಿಂತ ಸಾಕಷ್ಟು ಮೇಲಕ್ಕೆ ಮುಳುಗುವಂತೆ ಇಳಿಸಿ, ಗಟ್ಟಿ ಹಲಗೆಗೆ ಬಿಗಿದು ಸ್ಟಾರ್ಟ್ ಮಾಡಿ. ಹೊತ್ತಿಕೊಂಡ ಸ್ವಲ್ಪ ಹೊತ್ತಿಗೇ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಿ. ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿ, ನಿಲ್ಲಿಸಿ, ಮತ್ತೆ ಚೋಕ್ ಇಲ್ಲದೆ ಸ್ಟಾರ್ಟ್ ಆದ ಮೇಲೇ ಕೆರೆಗೆ ಇಳಿಸಿ. ಇಳಿಸುವಾಗ ಎರಡು ಹುಟ್ಟು, ಮೂವರಿಗೂ ಲೈಫ್ ಜಾಕೆಟ್, ಹಗ್ಗ ಕಟ್ಟಿದ ಲಂಗರು ಕಲ್ಲು ದೋಣಿಯಲ್ಲಿ ಇರಲೇಬೇಕು. ಮಧ್ಯಾಹ್ನದ ಮೇಲೆ ಗಾಳಿ ಎದ್ದಾಗ ಮೋಟಾರು ನಿಂತರೆ ದೋಣಿ ನೀವು ಹೇಳಿದ ಕಡೆ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ಎದ್ದು ನಿಂತು ಹಗ್ಗ ಎಳೆಯುವ ಬದಲು ಮೊದಲು ಕಲ್ಲು ಇಳಿಸಿ, ಕೂತುಕೊಂಡು ಗಾಳಿ ಸ್ಕ್ರೂ, ಬಲ್ಬ್, ಕ್ಲಿಪ್ ನೋಡಿ.

ಮುಂದಿನ ಮಳೆಗಾಲಕ್ಕೆ ಎತ್ತಿಡುವ ದಿನ, ಮೋಟಾರು ಓಡುತ್ತಿರುವಾಗಲೇ ಪೆಟ್ರೋಲ್ ಪೈಪ್ ಕಳಚಿ, ಬಟ್ಟಲಿನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಬಿಡಿ. ಉಳಿದ ಹನಿಯನ್ನು ಡ್ರೈನ್ ಸ್ಕ್ರೂ ಬಿಚ್ಚಿ ತೆಗೆಯಿರಿ.

ಇದಿಷ್ಟು ಮಾಡಿದ ಮೇಲೂ ಮೊಂಡು ಹಿಡಿದರೆ ಮತ್ತೆ ಬರೆಯಿರಿ. ಬರೆಯುವಾಗ ಬಿಚ್ಚಿದ ಕೂಡಲೇ ತೆಗೆದ ಎರಡೂ ಪ್ಲಗ್‌ಗಳ ಫೋಟೋ, ಪಿಂಗಾಣಿ ಬಟ್ಟಲಿನಲ್ಲಿ ಬಂದದ್ದರ ಫೋಟೋ, ತಗಡಿನ ಮೇಲಿನ ಮಾದರಿ ನಂಬರ್ ಜೊತೆಗಿರಲಿ. ಪ್ಲಗ್ ಒರೆಸಿ ಫೋಟೋ ತೆಗೆಯಬೇಡಿ, ಹೇಗಿದೆಯೋ ಹಾಗೇ ಬೇಕು.